ಕೆಂಪು ಚುಕ್ಕೆಯ ಬೀಗ

ತಣ್ಣಗೆ, ಕತ್ತಿನ ಹಿಂಭಾಗಕ್ಕೇ, ಎಸಿ ಗಾಳಿ ನೇರ ಅಲ್ಲಿಗೇ ಬಂದು ಬೀಳುತ್ತಿದೆ, ಪಕ್ಕದ ಕುರ್ಚಿಗೆ ಸರಿಯಬಹುದಿತ್ತು, ಆದರೆ ಎದ್ದರೆ ರಿಸೆಪ್ಷನ್ನಿನ ವಿಲ್ಮಾ ತಲೆ ಎತ್ತುತ್ತಾಳೆ, ತಲೆ ಎತ್ತಿದರೆ ನಗಬೇಕು, ನಗುವುದಕ್ಕೆ ಕಾಂತಾಮಣಿಯ ಮುಖ ಈಗ ಒಪ್ಪುತ್ತಿಲ್ಲ — ದುಪಟ್ಟಾ ಎಳೆದು ಕತ್ತಿಗೆ ಸುತ್ತಿಕೊಂಡಳು, ಎಷ್ಟು ತಂಪು ಮಾಡಿಟ್ಟುಕೊಂಡಿದ್ದಾರಪ್ಪಾ ಗಲ್ಫಿನ ಈ ಕಾಲೇಜಿನ ಸ್ಪೋರ್ಟ್ಸ್ ಆಫೀಸಿನವರು, ಅವತ್ತು ಗ್ರೌಂಡಿನಲ್ಲಿ ಇದರಲ್ಲಿ ಒಂದು ಬೊಗಸೆ ಸಿಕ್ಕಿದ್ದರೆ, ಒಂದೇ ಬೊಗಸೆ — ಬೇಡ, ಅದು ಈಗ ಬೇಡ. ಬಾಗಿಲ ಮೇಲೆ ಧನಂಜಯ, ಸ್ಪೋರ್ಟ್ಸ್ ಡೈರೆಕ್ಟರ್ ಎಂದಿದೆ, ಕೆಳಗೆ ಅರಬ್ಬಿಯಲ್ಲೂ ಅದೇ ಇರಬೇಕು, ಒಳಗೆ ಅವನೂ ಇನ್ನಿಬ್ಬರೂ ಕೂತಿದ್ದಾರೆ, ನಾಲ್ಕಕ್ಕೆ ಬನ್ನಿ ಅಂದವರು ನಾಲ್ಕೂ ಹತ್ತಾದರೂ ಕರೆದಿಲ್ಲ. ಕಾಯಿಸುವುದು ಬೇಕೆಂದೇ ಇರಬೇಕು, ಬೇಯುವ ಅನ್ನ ತಾನೇ ಮೆತ್ತಗಾಗಲಿ ಎಂದು. ಮೆತ್ತಗಾಗಿದ್ದಾಳೆ ಕೂಡ, ಐವತ್ತೆರಡು ವರ್ಷಕ್ಕೆ ಹೆಡ್‌ಮಾಸ್ತರ ಕೋಣೆಯ ಹೊರಗೆ ನಿಂತ ಹುಡುಗಿಯ ಹಾಗೆ.

ಕೈಚೀಲದಲ್ಲಿ ಎರಡು ಹಾಳೆಗಳಿವೆ, ಮೂರು ದಿನದ ಹಿಂದೆ ಈ ಆಫೀಸಿನವರು ಕೊಟ್ಟದ್ದು, ಓದಿ ಓದಿ ಮಡಿಕೆ ಹರಿಯುವಂತಾಗಿದೆ. ಮೊದಲನೆಯದು ಅವಳು ಕಾಲೇಜು ಟೀಮಿನ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಕಳಿಸಿದ ದನಿ ಸಂದೇಶದ ಇಂಗ್ಲಿಷ್ ಅನುವಾದ — ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅಳುತ್ತಾ ಹೇಳಿದ್ದಳು, ಅವನ ಮನೆ ಹಾಳಾಗ, ಐಸ್ ಪೆಟ್ಟಿಗೆಗೆ ಬೀಗ ಜಡಿದು ಎಲ್ಲಿ ಹೋಗಿದ್ದ ಇವನು, ಸುಮ್ನೆ ಬಿಡಬಾರದು ಕಣ್ರೀ ಇವನನ್ನ, ಇಷ್ಟೇ. ಹಾಳೆಯಲ್ಲಿ ಅದು ಡೈರೆಕ್ಟರರ ಮನೆಯನ್ನು ನಾಶ ಮಾಡಬೇಕು, ಅವರನ್ನು ಉಳಿಸಬಾರದು ಎಂದಾಗಿದೆ, ಉಳಿಸಬಾರದು ಅಂತೆ, ಇವಳು ಯಾರನ್ನು ಉಳಿಸದೆ ಬಿಟ್ಟಾಳು, ಜಿರಳೆ ಕಂಡರೆ ಕುರ್ಚಿ ಹತ್ತುವವಳು. ಮೈಸೂರಿನ ಅಡುಗೆಮನೆಯಲ್ಲಿ ಹಾಲು ಉಕ್ಕಿದರೆ ಹಾಲಿಗೂ ಮನೆ ಹಾಳಾಗ, ಸಿಟಿ ಬಸ್ಸು ತಪ್ಪಿದರೆ ಬಸ್ಸಿಗೂ ಮನೆ ಹಾಳಾಗ, ಹಾಲಿಗೆ ಎಲ್ಲಿಯ ಮನೆ, ಬಸ್ಸಿಗೆ ಎಲ್ಲಿಯ ಮನೆ — ಆದರೆ ಇಂಗ್ಲಿಷಿನಲ್ಲಿ ಟೈಪಾಗಿ ಸೀಲು ಬಿದ್ದ ಮೇಲೆ ಅದು ಬೆದರಿಕೆ, ಕೇಸು. ಅನುವಾದಿಸಿದವರು ಎಂಬಲ್ಲಿ ಸಹಿ ಇದೆ, ದುಂಡನೆಯ ಅಕ್ಷರ, ಧನಂಜಯ.

ಅವನಿಗೆ ಗೊತ್ತಿಲ್ಲವೇ, ಅವನ ತಟ್ಟೆಗೇ ಎಷ್ಟು ಸಲ ಬಡಿಸಿಲ್ಲ, ನಿನ್ ಮನೆ ಹಾಳಾಗ, ಇನ್ನೊಂದು ಸೌಟು ಹಾಕಿಸ್ಕೊಳೋ, ಕಡ್ಡಿ ಹಾಗಿದೀಯ ಎಂದು, ಅವನು ಚಿತ್ರಾನ್ನ ಹಾಕಿಸಿಕೊಂಡು ನಗುತ್ತಿದ್ದ, ಅಕ್ಕಾ ನೀವು ಬೈದ್ರೆ ನಮ್ಮಮ್ಮ ಬೈದಂಗೇ ಇರುತ್ತೆ ಅನ್ನುತ್ತಿದ್ದ. ನಮ್ಮವನು, ಬೆಂಗಳೂರಿನವನು, ಡೈರೆಕ್ಟರಾಗಿ ಬಂದಿದ್ದಾನೆ ಎಂದು ಗುಂಪಿನವರೆಲ್ಲ ಎಷ್ಟು ಕುಣಿದಿದ್ದರು, ಹುಡುಗಿಯರ ಕ್ರಿಕೆಟ್ ಟೀಮಿಗೆ ಅಭಿಮಾನಿಗಳು ಎಂದರೆ ಆಗ ಹನ್ನೆರಡೇ ಜನ, ನಜ್ಮಾ ಬಡಾವಣೆಯಿಂದ ಬಸ್ಸು ಹತ್ತಿ ಡೋಲು ತರುವ ದರ್ಜಿ ನೌಶಾದ್, ಮಗಳು ರೈಹಾನಾ ಬೌಲಿಂಗಿಗೆ ಓಡಿ ಬರುವಾಗ ಕಣ್ಣು ಮುಚ್ಚಿಕೊಳ್ಳುವ ಹಸೈನಾರ್, ಇವಳು, ಮತ್ತೆ ಇವಳ ಸ್ಟೀಲ್ ಡಬ್ಬಿ. ಇವಳ ಮಗಳು ಜಾಹ್ನವಿ ಕ್ಯಾಪ್ಟನ್. ಆಮೇಲೆ ಒಂದೊಂದೇ, ಬಸ್ಸು ಕೊಡುತ್ತೇವೆ ಅಂದರು ಕೊಡಲಿಲ್ಲ, ಮೈದಾನಕ್ಕೆ ನೆರಳು ಹಾಕಿಸುತ್ತೇವೆ ಅಂದರು ಹಾಕಿಸಲಿಲ್ಲ, ಹೋಗಲಿ ಬಿಡಿ ನಮ್ಮವನೇ ಅಲ್ವಾ ಅಂದುಕೊಂಡರು ಇವರು, ನಂಬಿಕೆ ಎನ್ನುವುದು ಒಂದೇ ಏಟಿಗೆ ಒಡೆಯುವುದಿಲ್ಲ, ಗೋಡೆಯ ಸುಣ್ಣದ ಹಾಗೆ ಉದುರುತ್ತದೆ, ಉದುರಿದ್ದು ಗೊತ್ತಾಗುವುದು ಇಟ್ಟಿಗೆ ಕಂಡಾಗ. ಸೆಪ್ಟೆಂಬರಿನಲ್ಲಿ ಸಂಜೆ ಆರಕ್ಕಿದ್ದ ಮ್ಯಾಚನ್ನು ಮಧ್ಯಾಹ್ನ ಮೂರಕ್ಕೆ ತಂದರು, ಅತಿಥಿಗಳ ಜೊತೆ ಫೋಟೋ ಬೆಳಕಿನಲ್ಲಿ ಚೆನ್ನಾಗಿ ಬರಬೇಕಂತೆ. ಬೇಡಪ್ಪಾ ಧನಂಜಯ, ಬಿಸಿಲು ತಡೆಯಲ್ಲ ಹುಡುಗೀರು ಎಂದಿದ್ದಳು, ಒಂದೇ ದಿನ ಅಕ್ಕಾ, ಅಡ್ಜಸ್ಟ್ ಮಾಡ್ಕೊಳಿ ಅಂದ. ಮಾಡಿಕೊಂಡರು.

ಅವತ್ತು ಮೂರೂ ನಲವತ್ತು, ಗಾಳಿಯಿಲ್ಲ, ಅಲ್ ರಯ್ಯಾನಿನ ಆ ಬಯಲಿನಲ್ಲಿ ಆಕಾಶವೂ ನೆಲವೂ ಒಂದೇ ಬಣ್ಣ, ರೈಹಾನಾ ಓಡಿ ಬರುತ್ತಾಳೆ, ಅರ್ಧಕ್ಕೆ ನಿಲ್ಲುತ್ತಾಳೆ, ಯಾರೋ ಕರೆದ ಹಾಗೆ ಪಕ್ಕಕ್ಕೆ ತಿರುಗುತ್ತಾಳೆ, ಮತ್ತೆ ಕಾಲು ಮಡಚಿ ಕೂತಂತೆ ಬೀಳುತ್ತಾಳೆ, ಕಾಂತಾಮಣಿ ಮುಟ್ಟಿ ನೋಡಿದರೆ ಹಣೆಯಲ್ಲ ಅದು, ಒಲೆಯಿಂದಿಳಿಸಿದ ತವಾ, ಬೆವರೇ ಇಲ್ಲ, ಬಾಯಲ್ಲಿ ಏನೇನೋ ಮಾತು, ಐಸ್ ತನ್ನಿ ಐಸ್ ಎಂದು ಯಾರು ಕೂಗಿದ್ದು, ತಾನೇ ಇರಬೇಕು. ಐಸ್ ಪೆಟ್ಟಿಗೆ ಹತ್ತೇ ಹೆಜ್ಜೆಯಲ್ಲಿತ್ತು, ನೀಲಿ ಪೆಟ್ಟಿಗೆ, ಅದಕ್ಕೆ ಬೀಗ. ಪುಟ್ಟ ಹಿತ್ತಾಳೆ ಬೀಗ, ಹೆಬ್ಬೆರಳಿನಷ್ಟು, ಮೇಲೊಂದು ಕೆಂಪು ಚುಕ್ಕೆ. ಬೀಗದ ಕೈ ಧನಂಜಯನ ಹತ್ತಿರ, ಧನಂಜಯ ಅತಿಥಿಗಳ ಡೇರೆಯಲ್ಲಿ, ಫೋನು ಸೈಲೆಂಟು. ಜಾಹ್ನವಿ ಡೇರೆ ಕಡೆ ಓಡಿದಳು, ನೌಶಾದ್ ಸ್ಟಂಪು ಕಿತ್ತು ಬೀಗಕ್ಕೆ ಬಡಿದ, ಬಡಿದ ಸದ್ದಿಗೆ ಚುಕ್ಕೆ ಕುಣಿಯುತ್ತದೆ, ಬಿಚ್ಚುವುದಿಲ್ಲ, ಹಸೈನಾರ್ ತಮ್ಮ ಅಂಗಿ ಬಿಚ್ಚಿ ಕುಡಿಯುವ ಬಾಟಲಿಯ ಬಿಸಿನೀರಿನಲ್ಲಿ ಅದ್ದಿ ಮಗಳ ಎದೆಗೆ ಒತ್ತುತ್ತಿದ್ದಾರೆ, ಹನ್ನೊಂದು ನಿಮಿಷ. ಧನಂಜಯ ಓಡಿ ಬಂದಾಗ ಕೀ ತೂತಿಗೆ ಹೋಗುತ್ತಲೇ ಇರಲಿಲ್ಲ, ಸುಳ್ಳು ಹೇಳಬಾರದು, ಅವನ ಕಣ್ಣಲ್ಲೂ ನೀರಿತ್ತು. ಮರುದಿನ ಅದೇ ಮನುಷ್ಯನ ಆಫೀಸಿನಿಂದ ಎಲ್ಲರಿಗೂ ಮೇಲ್ ಬಂತು, ಪೆಟ್ಟಿಗೆ ತೆರೆದೇ ಇತ್ತು, ಎರಡು ನಿಮಿಷದಲ್ಲಿ ಐಸ್ ಕೊಟ್ಟೆವು, ಹುಡುಗಿ ಬೆಳಗ್ಗೆ ತಿಂಡಿ ತಿಂದಿರಲಿಲ್ಲ ಎಂದು.

ಎರಡನೆಯ ಹಾಳೆ ಅದೇ ಮಾತು, ಅವಳ ಬಾಯಿಂದ. ನಾನು ಕಣ್ಣಾರೆ ಕಂಡಂತೆ ಪೆಟ್ಟಿಗೆಗೆ ಬೀಗವಿರಲಿಲ್ಲ, ನನ್ನ ಮಾತಿಗೆ ವಿಷಾದಿಸುತ್ತೇನೆ, ಕೆಳಗೆ ಗೆರೆ, ಗೆರೆಯ ಮೇಲೆ ಸಹಿ. ಹಾಕಿದರೆ ಖಲಾಸ್. ಹಾಕದಿದ್ದರೆ ಆ ದನಿ ಸಂದೇಶ ಪೊಲೀಸರಿಗೆ ಹೋಗುತ್ತದೆ, ಆಮೇಲೆ ನಮ್ಮ ಕೈಲಿಲ್ಲ ಮೇಡಂ ಎಂದ ಧನಂಜಯ ಫೋನಿನಲ್ಲಿ, ಅಕ್ಕ ಹೋಗಿ ಮೇಡಂ ಬಂದದ್ದು ಅವತ್ತೇ. ಲುಸೈಲಿನ ಆಫೀಸಿನಲ್ಲಿ ಕಟ್ಟಡದ ನಕ್ಷೆಗಳಿಗೆ ನಂಬರು ಹಾಕಿಡುವ ಕೆಲಸ ಇವಳದು, ಕೇಸು ಅಂದರೆ ಕೆಲಸ ಹೋಯಿತು, ಕೆಲಸ ಹೋದರೆ ವೀಸಾ, ವೀಸಾದ ಬಾಲ ಹಿಡಿದು ಜಾಹ್ನವಿಯ ವೀಸಾ, ಜಾಹ್ನವಿಯ ಎರಡನೇ ವರ್ಷದ ಓದು. ಅಮ್ಮಾ, ಜಸ್ಟ್ ಸೈನ್ ಮಾಡು, ಪ್ಲೀಸ್, ಎಂದಳು ಬೆಳಗ್ಗೆ, ಎಂದವಳೇ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು, ರೈಹಾನಾ ಅವಳ ಗೆಳತಿ. ಮೈಸೂರಿನಿಂದ ಗಂಡ ಚನ್ನಕೇಶವ, ಊರ ಉಸಾಬರಿ ನಿನಗ್ಯಾಕೆ, ಬಾಯಿಗೆ ಬೀಗ ಹಾಕ್ಕೊಂಡು ಬಂದುಬಿಡು ಎಂದ, ಬೀಗ ಎಂದ ಕೂಡಲೇ ಇವಳು ಫೋನು ಇಟ್ಟುಬಿಟ್ಟಳು. ನಿನ್ನೆ ಹಸೈನಾರ್, ಆಸ್ಪತ್ರೆಯ ಕಾರಿಡಾರಿನಲ್ಲಿ, ನೀವು ಹತ್ರವೇ ಇದ್ದದ್ದಲ್ವಾ ಅಕ್ಕ, ಕಂಡದ್ದು ಹೇಳಿ ಸಾಕು, ಹೆಚ್ಚು ಒಂದಕ್ಷರ ಬೇಡ ಎಂದರು. ರೈಹಾನಾ ಕಣ್ಣು ಬಿಟ್ಟಿದ್ದಾಳೆ, ಅಪ್ಪನನ್ನು ನೋಡಿ ಉಪ್ಪ ಎನ್ನಲು ಬಾಯಿ ತೆರೆಯುತ್ತಾಳೆ, ಉ ಎಂಬಲ್ಲಿಗೆ ನಿಂತುಬಿಡುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಹತ್ತೊಂಬತ್ತು ವರ್ಷದ ಹುಡುಗಿ.

ಕಂಡದ್ದು ಹೇಳಿ ಸಾಕು — ಕಂಡದ್ದು ಹೇಳಬಹುದು, ಪೊಲೀಸರ ಭಯವಿದೆ, ಆದರೂ ಹೇಳಿಯಾಳು, ಕಾಣದೆ ಹೋದದ್ದನ್ನು ಹೇಗೆ ಹೇಳುವುದು. ಮೇಡಂ, ನೀರು ಕುಡಿಯುತ್ತೀರಾ ಎಂದು ವಿಲ್ಮಾ ಲೋಟ ಇಡುತ್ತಾಳೆ, ಲೋಟದಲ್ಲಿ ಎರಡು ಐಸಿನ ತುಂಡು ತೇಲುತ್ತಿವೆ, ಒಂದಕ್ಕೊಂದು ತಾಗಿ ಟಿಣ್ ಎನ್ನುತ್ತವೆ, ಕಾಂತಾಮಣಿ ಲೋಟ ದೂರ ಸರಿಸಿದಳು. ಹೋದ ವರ್ಷ ಐಸ್ ಪೆಟ್ಟಿಗೆಯಿಂದ ಯಾರೋ ಬಾಟಲಿ ಕದಿಯುತ್ತಾರೆ ಎಂದು ಧನಂಜಯ ಗೊಣಗಿದಾಗ ಒಂದು ಬೀಗ ಹಾಕಪ್ಪಾ ಎಂದವಳು ಯಾರು. ತಗೋ ಎಂದು ಕೊಟ್ಟವಳು ಯಾರು. ಅವಳ ಸೂಟ್‌ಕೇಸಿನ ಬೀಗ ಅದು, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕೊಂಡದ್ದು, ಏರ್‌ಪೋರ್ಟಿನಲ್ಲಿ ಸೂಟ್‌ಕೇಸು ಬೇಗ ಗುರುತು ಸಿಗಲಿ ಎಂದು ಜಾಹ್ನವಿಯ ಉಗುರು ಬಣ್ಣದಿಂದ ಅವಳೇ ಇಟ್ಟ ಚುಕ್ಕೆ. ಬೀಗಕ್ಕೆ ಎರಡು ಕೈ ಬಂದಿದ್ದವು. ಒಂದು ಅವನಿಗೆ ಕೊಟ್ಟಳು, ಇನ್ನೊಂದು, ಇರಲಿ ಎಂದು, ಕೈಚೀಲದ ಒಳಗಿನ ಜಿಪ್ಪಿಗೆ ಹಾಕಿದಳು, ಹಾಕಿ ಮರೆತಳು, ಅಷ್ಟೇ, ಜನ ಮರೆಯುವುದಿಲ್ಲವೇ. ಅವತ್ತು ಆ ಕೈಚೀಲ ಅವಳ ಹೆಗಲಲ್ಲೇ ಇತ್ತು. ಹನ್ನೊಂದು ನಿಮಿಷ, ಹೆಗಲಲ್ಲೇ, ಐಸ್ ಐಸ್ ಎಂದು ಕೂಗುತ್ತಾ, ಅವನ ಮನೆ ಹಾಳಾಗ ಎನ್ನುತ್ತಾ. ಸಂಜೆ ಆಸ್ಪತ್ರೆಯಲ್ಲಿ ಕರ್ಚೀಫಿಗೆ ಕೈ ಹಾಕಿದಾಗ ಬೆರಳಿಗೆ ತಾಗಿತು. ಹದಿನೈದು ದಿನದಿಂದ ಯಾರಿಗೂ ಹೇಳಿಲ್ಲ, ಎಸೆಯಲೂ ಆಗಿಲ್ಲ, ಹಸೈನಾರಿಗೆ ತಿಳಿದರೆ ಅವರು ಮತ್ತೆ ಅಕ್ಕ ಎನ್ನುತ್ತಾರೆಯೇ. ಇದರ ಮುಂದೆ ಪೊಲೀಸರ ಭಯ ಸಣ್ಣದು.

ಕಾಂತಾಮಣಿ ಮೇಡಂ, ಒಳಗೆ ಬನ್ನಿ, ಎಂದಳು ವಿಲ್ಮಾ. ಕಾಲು ಎದ್ದವು, ಬಾಗಿಲು, ಮೇಜು, ಬಿಳಿ ಕೂದಲಿನ ವಿದೇಶಿ ಹೆಂಗಸು ಪೆನ್ನಿನ ಕ್ಯಾಪು ತೆಗೆದು ಅವಳ ಕಡೆ ತಳ್ಳುತ್ತಾಳೆ, ಪಕ್ಕದಲ್ಲಿ ಅಬ್ದುಲ್ಲಾ ಎಂಬ ಹೆಸರಿನ ಫಲಕವಿಟ್ಟುಕೊಂಡವರು ಗಡಿಯಾರ ನೋಡುತ್ತಾರೆ, ಧನಂಜಯ ಸೊರಗಿದ್ದಾನೆ, ಕಣ್ಣ ಕೆಳಗೆ ಕಪ್ಪು, ಮೆಲ್ಲಗೆ ಕನ್ನಡದಲ್ಲಿ, ಸೈನ್ ಮಾಡಿಬಿಡಿ ಅಕ್ಕಾ, ಜಾಹ್ನವಿ ಮುಖ ನೋಡಿ — ಮೇಡಂ ಹೋಗಿ ಅಕ್ಕ ಮತ್ತೆ ಬಂದಿದ್ದಾಳೆ, ಇಬ್ಬರಿಗೂ ಒಂದೇ ಹೆದರಿಕೆ ಎಂದು ಅವಳಿಗೆ ಈಗ ತಿಳಿಯುತ್ತದೆ, ಅವನು ಆ ಹೆದರಿಕೆಯನ್ನು ಇಂಗ್ಲಿಷಿಗೆ ತಿರುಗಿಸಿ ಸೀಲು ಹಾಕಿದ, ಇವಳು ಅದಕ್ಕೆ ಜಿಪ್ಪು ಹಾಕಿದಳು. ಜಾಹ್ನವಿಯ ಮುಖ ಬರುತ್ತದೆ, ನಲ್ಲಿಯ ಸದ್ದು ಬರುತ್ತದೆ, ಉ ಎಂಬಲ್ಲಿಗೆ ನಿಂತ ಬಾಯಿ ಬರುತ್ತದೆ. ಕೈ ಪೆನ್ನಿಗೆ ಹೋಗಲಿಲ್ಲ, ಕೈಚೀಲಕ್ಕೆ ಹೋಯಿತು, ಜಿಪ್ಪು ಎಳೆಯಿತು, ಹಾಳೆಯ ಗೆರೆಯ ಮೇಲೆ, ಸಹಿ ಇರಬೇಕಾದಲ್ಲಿ, ಬೀಗದ ಕೈ ಇಟ್ಟಿತು, ಎಷ್ಟು ಚಿಕ್ಕದು. ವಾಟ್ ಈಸ್ ದಿಸ್ ಎನ್ನುತ್ತಾಳೆ ಹೆಂಗಸು. ಧನಂಜಯ ನೋಡಿದ, ಗುರುತು ಹಿಡಿದ, ಅವನ ತುಟಿಯ ಬಣ್ಣ ಹೋಯಿತು. ಆ ಬೀಗದ ಇನ್ನೊಂದು ಕೈ ಕಣಪ್ಪಾ, ಅವತ್ತು ನನ್ನ ಬ್ಯಾಗಲ್ಲೇ ಇತ್ತು, ಮರೆತಿದ್ದೆ, ನನ್ನ ತಪ್ಪು ನನಗಿರಲಿ, ಬೀಗ ಇತ್ತು ಅಂತ ಹೇಳು, ಇದನ್ನೂ ಇವರಿಗೆ ಇಂಗ್ಲಿಷಲ್ಲಿ ಹೇಳು, ಸರಿಯಾಗಿ ಹೇಳು. ಅವನು ಬೀಗದ ಕೈಯನ್ನು ಬೆರಳ ತುದಿಯಿಂದ ತಿರುಗಿಸುತ್ತಾನೆ, ಮೂವರೂ ಅವನನ್ನೇ ನೋಡುತ್ತಿದ್ದಾರೆ, ಎಸಿ ಗಾಳಿ ಕತ್ತಿಗೆ ಬೀಳುತ್ತಿದೆ, ತಣ್ಣಗೆ, ಹೇಳಪ್ಪಾ, ನೌಶಾದನ ಸ್ಟಂಪು ಏಳುತ್ತದೆ, ಬೀಳುತ್ತದೆ, ನೀಲಿ ಪೆಟ್ಟಿಗೆಯ ಮೇಲೆ ಹೆಬ್ಬೆರಳಿನಷ್ಟು ಬೀಗ, ಕುಣಿಯುತ್ತದೆ, ಬಿಚ್ಚುವುದಿಲ್ಲ, ಹೆಗಲಿನ ಮೇಲೆ ಚೀಲ, ಬೀಗದ ಮೇಲೆ ಕೆಂಪು ಚುಕ್ಕೆ, ಅವಳೇ ಇಟ್ಟದ್ದು, ಬೇಗ ಗುರುತು ಸಿಗಲಿ ಎಂದು, ಕೆಂಪು ಚುಕ್ಕೆ