ಹಸಿರು ದುಪಟ್ಟದ ಲೋಕಲ್

ಸಂಜೆಯ ಬೊರಿವಲಿ ಲೋಕಲ್ ಬರುವ ಹೊತ್ತಿಗೆ ಧಾತ್ರಿ ಮೂಗಿನ ಆಕ್ಸಿಜನ್ ನಳಿಗೆಯನ್ನು ಎಳೆದುಕೊಂಡು ಬಾಲ್ಕನಿಗೆ ಬಂದು ಕೂರುತ್ತಾಳೆ. ಕಾಂದಿವಲಿಯ ಅವರ ಬಿಲ್ಡಿಂಗ್ ಹಳಿಯ ಪಕ್ಕದಲ್ಲೇ ಇದೆ. ಲೇಡೀಸ್ ಡಬ್ಬದ ಬಾಗಿಲಲ್ಲಿ ನಿಂತು ತಂಗಿ ಇಂಚರಾ ಹಸಿರು ದುಪಟ್ಟ ಬೀಸುತ್ತಾಳೆ, ಅಕ್ಕಾ ಎಂದು ಕೂಗುತ್ತಾಳೆ. ಧಾತ್ರಿ ಕೈ ಎತ್ತುವಷ್ಟರಲ್ಲಿ ರೈಲು ಹೋಗಿಬಿಟ್ಟಿರುತ್ತದೆ. ಬೊರಿವಲಿಯಲ್ಲಿ ಕ್ಲಾಸಿದೆ ಎನ್ನುವುದು ಇಂಚರಾಳ ನೆಪ. ಅಂಥದೇ ಕ್ಲಾಸು ಅವಳಿರುವ ದಾದರಿನಲ್ಲೂ ಇದೆ.

ಇಬ್ಬರಿಗೂ ಹುಟ್ಟಿನಿಂದ ಒಂದೇ ಕಾಯಿಲೆ, ಸಿಸ್ಟಿಕ್ ಫೈಬ್ರೋಸಿಸ್. ಕಫ ಅಂಟಿನಂತೆ ಕೂತು ಶ್ವಾಸಕೋಶವನ್ನು ಹಾಳುಮಾಡುತ್ತದೆ. ಒಬ್ಬರ ಬೆನ್ನನ್ನು ಒಬ್ಬರು ತಟ್ಟಿ ಕಫ ಸಡಿಲಿಸಿಕೊಂಡೇ ಬೆಳೆದ ಅಕ್ಕತಂಗಿಯರು ಅವರು. ಎರಡು ವರ್ಷದ ಹಿಂದೆ ಧಾತ್ರಿಯ ಎದೆಗೆ ಯಾವ ಔಷಧಿಗೂ ಬಗ್ಗದ ಸೋಂಕು ಹೊಕ್ಕಿತು. ಅದು ತಂಗಿಗೆ ತಗುಲಿದರೆ ಅವಳನ್ನೂ ಉಳಿಸುವುದು ಕಷ್ಟ ಎಂದರು ಡಾಕ್ಟರು. ಅಂದೇ ಇಂಚರಾ ದಾದರಿನ ಚಿಕ್ಕಮ್ಮನ ಮನೆ ಸೇರಿದಳು.

ಅಂದಿನಿಂದ ಅಮ್ಮ ಸರಸ್ವತಿಗೆ ಮಡಿಯ ಹುಚ್ಚು. ಅತ್ತೆಯ ಮಡಿಯನ್ನು ಆಡಿಕೊಂಡು ನಗುತ್ತಿದ್ದ ಹೆಂಗಸೇ ಈಗ ದಾದರಿಗೆಂದು ಬೇರೆ ಸೀರೆ, ಬೇರೆ ಚಪ್ಪಲಿ ಇಟ್ಟಿದ್ದಾಳೆ. ತಲೆಗೆ ನೀರು ಹಾಕಿಕೊಳ್ಳದೆ ಕಿರಿಮಗಳನ್ನು ನೋಡಲು ಹೊರಡುವುದಿಲ್ಲ. ಆ ಮನೆಯ ದೇವರಿಗೂ ಇಷ್ಟು ಮಡಿ ಸಿಕ್ಕಿರಲಿಕ್ಕಿಲ್ಲ.

ಸೋಂಕಿನ ಹೆಸರು ಕೇಳಿದೊಡನೆ ಎರಡು ಆಸ್ಪತ್ರೆಗಳು ಶ್ವಾಸಕೋಶದ ಕಸಿ ಮಾಡಲು ಒಲ್ಲೆವೆಂದಿದ್ದವು. ಮೂರನೆಯ ಕಡೆ ಡಾಕ್ಟರ್ ಪ್ರೀತಮ್ ಒಪ್ಪಿದಾಗ ಅಮ್ಮ ಇಂಚರಾಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಹಳೆಯ ಶ್ವಾಸಕೋಶದ ಜೊತೆಗೇ ಸೋಂಕೂ ತೊಲಗುತ್ತದೆ, ಮಡಿ ಮುಗಿಯುತ್ತದೆ ಎಂದು ಎಲ್ಲರೂ ನಂಬಿಬಿಟ್ಟಿದ್ದರು. ಡಾಕ್ಟರಿಗೆ ಪ್ರಶ್ನೆ ಹಾಕುವುದು ಆ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ; ಕೇಳಿದರೆ ಎಲ್ಲಿ ಅವರ ಮನಸ್ಸು ಬದಲಾದೀತೋ ಎಂಬ ಅಳುಕು ಬೇರೆ. ಧಾತ್ರಿಗಂತೂ ಬದುಕುವ ಆಸೆಗಿಂತ ಆ ಹಾಸಿಗೆಯ ಆಸೆಯೇ ದೊಡ್ಡದಾಗಿತ್ತು. ತಂಗಿಯ ಬೆನ್ನಿಗೆ ಬೆನ್ನು ತಾಗಿಸಿ ಒಮ್ಮೆ ಮಲಗಿದರೆ ಸಾಕಿತ್ತು ಅವಳಿಗೆ.

ಕೊನೆಯ ಒಪ್ಪಿಗೆ ಕೊಡಲು ಹೋದಾಗ ಅವಳೇ ಕೇಳಿಬಿಟ್ಟಳು, ಆಪರೇಶನ್ ಆದ ಮೇಲೆ ತಂಗಿ ಮನೆಗೆ ಬರಬಹುದಲ್ಲವೇ ಎಂದು. ಸೋಂಕು ಮೂಗಿನೊಳಗೂ ಶ್ವಾಸನಾಳದಲ್ಲೂ ಉಳಿದುಕೊಂಡಿರುತ್ತದೆ, ಹೊಸ ಶ್ವಾಸಕೋಶಕ್ಕೂ ಇಳಿಯಬಹುದು, ತಂಗಿ ದೂರವೇ ಇರಬೇಕು ಎಂದು ಪ್ರೀತಮ್ ಹಿಂದಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಾಗಾದರೆ ನನಗೆ ಬೇಡ ಎಂದು ಧಾತ್ರಿ ಎದ್ದು ಬಂದಳು.

ಅಂದು ಸಂಜೆಯೂ ಲೋಕಲ್ ಬಂತು. ಹಸಿರು ದುಪಟ್ಟ ಕಂಡೊಡನೆ ಧಾತ್ರಿಗೆ ದುಃಖ ಉಕ್ಕಿತು. ಇರುವ ಉಸಿರನ್ನೆಲ್ಲ ಒಟ್ಟುಗೂಡಿಸಿ ಕೂಗಲು ಹೋದಳು. ಅರ್ಧ ಹೆಸರು ಹೊರಡುವಷ್ಟರಲ್ಲಿ ಕೆಮ್ಮು ನುಗ್ಗಿತು. ಕೆಮ್ಮು ಅಡಗುವ ಹೊತ್ತಿಗೆ ಹಳಿ ಖಾಲಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಇಂಚರಾಳ ಫೋನು. "ಏನೋ ಹೇಳೋಕೆ ಬಾಯಿ ತೆಗೆದೆ ಅಲ್ವಾ ಅಕ್ಕ? ಏನೂ ಕೇಳಿಸ್ಲಿಲ್ಲ."

ಧಾತ್ರಿ ಏನೂ ಇಲ್ಲವೆಂದು ಫೋನಿಟ್ಟಳು. ಆಮೇಲೆ ಬೆನ್ನು ತಟ್ಟುತ್ತಿದ್ದ ಅಮ್ಮನಿಗೆ, ನಾಳೆ ಹೋಗಿ ಒಪ್ಪಿಗೆ ಕೊಡೋಣ ಎಂದಳು.

"ಅವಳು ಬರೋ ಹಾಗಿಲ್ಲ ಅಂದ್ರಲ್ಲೇ. ಆದ್ರೂನಾ?"

"ಬರೋದು ಬೇಡಮ್ಮ. ಅವಳ ಹೆಸರು ಹಿಡಿದು ಒಂದ್ಸಲ ಕೂಗ್ಬೇಕು, ರೈಲಿಗೆ ಕೇಳಿಸೋ ಹಾಗೆ."

ಅಮ್ಮ ಒಳಗೆ ಹೋಗಿ ಇಂಚರಾಳ ಹಾಸಿಗೆಯನ್ನು ತಂದಳು. ಅದನ್ನು ನಾಲ್ಕಾಗಿ ಮಡಿಸಿ, ಬಾಲ್ಕನಿಯಲ್ಲಿ ಧಾತ್ರಿ ಕೂರುವ ಕುರ್ಚಿಗೆ ಹಾಸಿದಳು.