ಸರದಿ ಬಾರದ ಸಾಲು

ನನ್ನ ಕೆಲಸ ಏನೆಂದು ನಮ್ಮೂರು ಹರಿಯಬ್ಬೆಯಲ್ಲಿ ಯಾರಿಗೂ ಗೊತ್ತಿಲ್ಲ. ಓಬಳೇಶ ಫೋನ್ ರಿಪೇರಿ ಮಾಡುತ್ತಾನೆ ಎಂದುಕೊಂಡಿದ್ದಾರೆ. ರಿಪೇರಿಗೆ ನನಗಿಂತ ಹೆಚ್ಚು ಬುದ್ಧಿ ಬೇಕು. ಹಿರಿಯೂರಿನ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಬೆವರುತ್ತಾ ಕುಳಿತು ನಾನು ಸರದಿ ಪಟ್ಟಿ ಬರೆಯುತ್ತೇನೆ. ಫ್ಯಾನ್ ಇದೆ. ಫೋನುಗಳು ಬಿಸಿಯಾಗುತ್ತವೆಂದು ಅದನ್ನು ಅವುಗಳ ಕಡೆ ತಿರುಗಿಸಿದ್ದಾರೆ.

ಗೋಡೆಯ ಮೇಲೆ ನಲವತ್ತು ಫೋನು. ಒಂದೊಂದು ಒಂದೊಂದು ಕಂಪನಿಯದು, ಕೆಲವು ಹೊಸವು, ಕೆಲವು ಹಳೆಯವು, ಕೆಲವು ಇಂಗ್ಲಿಷಿನಲ್ಲಿ, ಕೆಲವು ಕನ್ನಡದಲ್ಲಿ. ಹೊಸ ಆ್ಯಪ್ ಬಂದರೆ ಯಂತ್ರವೇ ಪ್ರತಿ ಫೋನಿನಲ್ಲೂ ಅದನ್ನು ತೆರೆದು, ಗುಂಡಿ ಒತ್ತಿ ಪರೀಕ್ಷಿಸುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದಷ್ಟೇ ನನ್ನದು; ಪಟ್ಟಿಯಲ್ಲಿ ಒಂದು ಫೋನಿಗೆ ಒಂದು ಸಾಲು. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಯಂತ್ರ ಸಿಗುವುದು ದಿನಕ್ಕೆ ನಾಲ್ಕೇ ಗಂಟೆ. ಅಷ್ಟರೊಳಗೆ ಸರದಿ ಬಾರದ ಸಾಲು ವರದಿಯಲ್ಲಿ ಕಾಣುವುದೇ ಇಲ್ಲ.

ಹೋದ ತಿಂಗಳು ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಹಾಜರಿ ಆ್ಯಪ್ ಬಂತು. ಹೆಂಗಸರು ಗೇಟಿನಲ್ಲಿ ತಮ್ಮ ತಮ್ಮ ಫೋನಿನಲ್ಲೇ ಹಾಜರಿ ಒತ್ತಬೇಕು. ಮೂವತ್ತೊಂಬತ್ತು ಸಾಲು ಹಸಿರಾದವು. ಸಣ್ಣ ಪರದೆಯ ಹಳೇ ಫೋನು, ಕನ್ನಡದಲ್ಲಿ, ಕೆಂಪಾಯಿತು. ಕನ್ನಡದ ಪದಗಳು ಜಾಗ ಹಿಡಿದು, ಹಾಜರಿ ಗುಂಡಿ ಪರದೆಯಿಂದ ಕೆಳಗೆ ಜಾರಿ ಮರೆಯಾಗಿತ್ತು. ಮ್ಯಾನೇಜರ್ ಚೇತನ್‌ಕುಮಾರ್‌ಗೆ ತೋರಿಸಿದೆ. ಸರಿಪಡಿಸಲು ವಾರ ಬೇಕು, ಶುಕ್ರವಾರವೇ ಕೊಡಬೇಕು ಎಂದ.

"ಆ ಡಬ್ಬಾ ಫೋನು ಈಗ ಯಾರತ್ರ ಐತಪ್ಪ? ಏನಾರ ಮಾಡು."

ಮಾಡಿದೆ. ಆ ಸಾಲನ್ನು ಪಟ್ಟಿಯ ತುದಿಗೆ ತಳ್ಳಿ, ಮೇಲಿನವನ್ನೆಲ್ಲ ಎರಡೆರಡು ಸಲ ಓಡಿಸಿ ನಾಲ್ಕು ಗಂಟೆ ಮುಗಿಸಿದೆ. ಇಂಥ ಉಪಾಯವನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಜಾಣತನವೆಲ್ಲ ನನ್ನದೇ. ಗೋಡೆಯ ಟೀವಿ ತುಂಬಾ ಹಸಿರು. ಚೇತನ್ ಎಲ್ಲರಿಂದ ಚಪ್ಪಾಳೆ ಹೊಡೆಸಿ, ನನ್ನ ಹೆಸರು ಬರೆದ ಲೋಟ ಕೊಟ್ಟ. ಎರಡು ವಾರ ಅದರಲ್ಲೇ ಟೀ ಕುಡಿದೆ, ಕಿರುಬೆರಳು ಎತ್ತಿಕೊಂಡು.

ಫ್ಯಾಕ್ಟರಿಯಲ್ಲಿ ಆ್ಯಪ್ ಶುರುವಾದ ಮರುವಾರವೇ, ಸೋಮವಾರ, ನನ್ನಕ್ಕ ಚಂದ್ರಕ್ಕ ಮಹಡಿ ಹತ್ತಿ ಬಂದಳು. ಅವಳು ಅದೇ ಫ್ಯಾಕ್ಟರಿಯಲ್ಲಿ ಕಾಲರ್ ಹೊಲೆಯುತ್ತಾಳೆ. ಅದು ನನಗೆ ಗೊತ್ತಿತ್ತು. ಅವಳ ಕೈಯಲ್ಲಿರುವುದು ಯಾವ ಫೋನೆಂದು ಮಾತ್ರ ಯೋಚಿಸಿರಲಿಲ್ಲ. ಹೊಸದು ಕೊಂಡಾಗ ದೊಡ್ಡ ಮನಸ್ಸು ಮಾಡಿ ನಾನೇ ಕೊಟ್ಟ ಹಳೇ ಫೋನು ಅದು. ಹಿಂದೆ ಅವಳ ಜೊತೆ ಹೊಲೆಯುವ ತಿಪ್ಪಮ್ಮ, ಇನ್ನೂ ಹನ್ನೊಂದು ಹೆಂಗಸರು; ಎಲ್ಲರ ಕೈಯಲ್ಲೂ ಅಂಥದ್ದೇ ಸಣ್ಣ ಪರದೆಯ ಫೋನು.

"ಮೂರು ದಿನ ಹೊಲ್ದೀವಿ ಕಣೋ. ಬಂದೇ ಇಲ್ಲ ಅಂತೈತೆ ಇದು. ಇವತ್ತು ಗೇಟಿಂದ ಆಚೆ ಹಾಕುದ್ರು. ಏನಾಗೈತೆ ನೋಡು," ಎಂದು ಅಕ್ಕ ಫೋನು ಚಾಚಿದಳು.

ಕೆಲಸ ಹೋಗಿತ್ತು, ಹದಿಮೂರು ಜನರದು. ಸೂಪರ್‌ವೈಸರ್ ನಮ್ಮ ಹಸಿರು ವರದಿಯನ್ನೇ ತೋರಿಸಿ, ಆ್ಯಪ್ ಸುಳ್ಳು ಹೇಳಲ್ಲ ಎಂದನಂತೆ. ನಾನು ಮೊದಲು ನೆಟ್‌ವರ್ಕ್ ಸರಿಯಿಲ್ಲ ಎಂದೆ. ಆಮೇಲೆ ನಿಜ ಹೇಳಿದೆ, ಅರ್ಥವಾಗದಿದ್ದರೆ ಒಳ್ಳೆಯದೆಂದು ಅರ್ಧ ಇಂಗ್ಲಿಷಿನಲ್ಲಿ. ತಿಪ್ಪಮ್ಮ ಬಿಡಲಿಲ್ಲ.

"ಅಂದ್ರೆ ನಮ್ ಫೋನು ಫೇಲಾಗ್ತೈತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತು."

"ಗೊತ್ತಿತ್ತು."

ಅಕ್ಕ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲಾದರೂ ಅಡಗಿಕೊಳ್ಳಬೇಕು ಎನಿಸಿತು.

ಚೇತನ್ ಓಡಿ ಬಂದ. ಫ್ಯಾಕ್ಟರಿ ಮಾಲೀಕರು ಹನ್ನೊಂದಕ್ಕೆ ಬರುತ್ತಾರೆ, ಇವರನ್ನು ಕೆಳಗೆ ಕಳಿಸು ಎಂದ. ತಿಪ್ಪಮ್ಮ ನೆಲದ ಮೇಲೆ ಕುಳಿತಳು. ಉಳಿದವರೂ ಕುಳಿತರು.

ಅಲ್ಲಿಯವರೆಗೆ ನನ್ನ ಬಂಡಾಯವೆಲ್ಲ ಬಚ್ಚಲಮನೆಯ ಗೊಣಗಾಟಕ್ಕೆ ಮುಗಿಯುತ್ತಿತ್ತು. ಆವತ್ತು ಎದ್ದು ಗೋಡೆಯ ಹದಿಮೂರು ಹೊಸ ಫೋನುಗಳ ವೈರು ಕಿತ್ತೆ. ಹೆಂಗಸರ ಫೋನುಗಳನ್ನು ಇಸಿದುಕೊಂಡು ಸಿಕ್ಕಿಸಿದೆ. ಎರಡು ಸಲ ವೈರು ಕೆಳಗೆ ಬಿತ್ತು. ಪಟ್ಟಿಯ ತಲೆಗೇ ಅವನ್ನು ಹಾಕಿ ಓಡಿಸಿದೆ. ಒಂದೊಂದಾಗಿ ಟೀವಿಯಲ್ಲಿ ಕೆಂಪಾಗತೊಡಗಿದವು. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು.

"ಆರ್ಸಲೇ ಅದನ್ನ," ಎಂದ ಚೇತನ್.

"ಸರದಿ ಮುಗೀಲಿ ಸಾರ್," ಎಂದೆ. ನನ್ನ ದನಿ ನನಗೇ ಕೀಚಲಾಗಿ ಕೇಳಿತು.

ಮಾಲೀಕರು ಬಾಗಿಲಲ್ಲೇ ನಿಂತು, ಇದೇನು ಇಷ್ಟೊಂದು ಕೆಂಪು ಎಂದು ಕೇಳಿದರು. ಚೇತನ್ ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತಳು.

"ಹದಿಮೂರು ಜನನೂ ಬಂದೀವಿ ಸಾರ್. ಬರ್ಕಳ್ರಿ."