ಮಾತಾಡುತ್ತಾ ಓಡಬೇಕು

ಪೊದೆಯ ಹಿಂದೆ ಮುದುರಿ ಕೂತಿದ್ದ ಲೊರೆಟಾಳಿಗೆ ಮೊದಲು ಕೇಳಿಸಿದ್ದು ಗಂಡ ಡ್ವೇನನ ನಗು. ಆಮೇಲೆ ಅವನ ಮಾತು. ಅವನೂ ಅವನ ಓಟದ ಜೊತೆಗಾತಿ ಕೋರಾಳೂ ಇನ್ನೂ ಕೆಳಗಿನ ತಿರುವಿನಲ್ಲಿದ್ದರು. ಆದರೆ ಅಕ್ಟೋಬರಿನ ಆ ಬೆಳಗ್ಗೆ ಕಣಿವೆಯಲ್ಲಿ ಗಾಳಿಯೇ ಇರಲಿಲ್ಲ, ಡ್ವೇನನ ದನಿ ನೇರವಾಗಿ ಮೇಲೇರಿ ಬರುತ್ತಿತ್ತು. ಮನೆಯಲ್ಲಿ ಉಪ್ಪು ಕೊಡು ಎನ್ನುವುದಕ್ಕೂ ಬೆರಳು ತೋರಿಸುವ ಮನುಷ್ಯ ಇಲ್ಲಿ ಏರು ಹಾದಿಯಲ್ಲಿ ಏದುಸಿರು ಬಿಡುತ್ತಾ ಕಥೆ ಹೇಳುತ್ತಿದ್ದ.

ಮಾತಾಡುತ್ತಾ ಓಡಬೇಕು ಎಂಬ ನಿಯಮ ಮಾಡಿದ್ದು ಬೇರೆ ಯಾರೂ ಅಲ್ಲ, ಅವಳೇ. ಚಿರತೆ ಗಾತ್ರದ ಬೆಟ್ಟದ ಸಿಂಹಗಳು ಓಡಾಡುವ ಊರು ಅದು. ಅವನ್ನು ಊರಿನವರು ಸಲುಗೆಯಿಂದ ಬೆಕ್ಕು ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಬೆಕ್ಕೊಂದು ಶಾಲೆಯ ಹಿಂದಿನ ಇಳಿಜಾರಿನಲ್ಲೇ ಜಿಂಕೆ ಹೊಡೆದು, ಮೇಲೆ ತರಗೆಲೆ ಮುಚ್ಚಿಟ್ಟು ಹೋಗಿತ್ತು. ಅದಾದ ವಾರಕ್ಕೆ ಓಟಗಾರರ ಸಂಘದ ಸಭೆಯಲ್ಲಿ ಲೊರೆಟಾ ಎದ್ದು ನಿಂತಳು. ಇನ್ನು ಒಬ್ಬೊಬ್ಬರೇ ಹೋಗುವಂತಿಲ್ಲ. ಕಿವಿಗೆ ಹಾಡು ಸಿಕ್ಕಿಸಿಕೊಳ್ಳುವಂತಿಲ್ಲ. ಜೋಡಿಯಾಗಿ ಓಡಬೇಕು, ಇಬ್ಬರಲ್ಲಿ ಒಬ್ಬರ ಬಾಯಿಯಾದರೂ ಆಡುತ್ತಲೇ ಇರಬೇಕು, ನಾವು ಬರುವುದು ಮೊದಲೇ ಗೊತ್ತಾದರೆ ಬೆಕ್ಕೇ ದಾರಿ ಬಿಡುತ್ತದೆ ಎಂದಳು. ಒಂಬತ್ತು ವರ್ಷದಿಂದ ಹೊಸಬರಿಗೆಲ್ಲ ಪಾಠ ಹೇಳುವವಳು ಅವಳು, ಯಾರೂ ಎದುರಾಡಲಿಲ್ಲ.

ಜುಲೈನಲ್ಲಿ ಅವಳ ಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು, ವರ್ಷ ಕಳೆಯುವವರೆಗೆ ಓಡುವ ಮಾತೇ ಇಲ್ಲ ಎಂದರು ಡಾಕ್ಟರು. ಹನ್ನೊಂದು ವರ್ಷ ಅವಳ ಪಕ್ಕದಲ್ಲೇ ಓಡಿದ್ದ ಡ್ವೇನ್ ಒಂಟಿಯಾದ. ಜೋಡಿಗಳ ಪಟ್ಟಿ ಬರೆಯುವ ಕೆಲಸವೂ ಅವಳದೇ. ದನದ ಡಾಕ್ಟರ ಹತ್ತಿರ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೂವತ್ತೆರಡರ ಕೋರಾ ಅವನಷ್ಟೇ ವೇಗವಾಗಿ ಓಡುತ್ತಾಳೆಂದು, ತನ್ನ ಕೈಯಾರೆ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದಳು. ಬುದ್ಧಿ ಎಲ್ಲಿಗೆ ಹೋಗಿತ್ತೋ.

ಮೊದಮೊದಲು ಏನೂ ಅನ್ನಿಸಲಿಲ್ಲ. ಓಡಿ ಬಂದ ಗಂಡ ಬೂಟು ಬಿಚ್ಚುವಾಗ ಸುಮ್ಮನೆ ಕೇಳುತ್ತಿದ್ದಳು.

"ಏನ್ ಮಾತಾಡಿದ್ರಿ ಇವತ್ತು?"

"ಏನಿಲ್ಲ."

"ಆರು ಮೈಲಿನೂ ಏನಿಲ್ಲ ಅಂತಲೇ ಮಾತಾಡಿದ್ರಾ?"

"ನೀನೇ ಮಾಡಿದ್ ರೂಲ್ಸು ತಾನೆ. ಬಾಯಿಗ್ ಬಂದಿದ್ದು ಆಡ್ತೀವಪ್ಪ."

ಅಷ್ಟು ಹೇಳಿ ಸ್ನಾನಕ್ಕೆ ಹೋಗುತ್ತಿದ್ದ. ಒಳಗಿಂದ ಗುನುಗುವುದು ಕೇಳಿಸುತ್ತಿತ್ತು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವನು ಗುನುಗಿದ್ದನ್ನು ಅವಳು ಕೇಳಿರಲಿಲ್ಲ.

ಬೇಕರಿಯ ಮೇವಿಸ್ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ನಿನ್ ಗಂಡನ್ ಬಾಯಲ್ಲಿ ಹಲ್ಲಿರೋದು ನಂಗೆ ನಿನ್ನೆ ಗೊತ್ತಾಯ್ತು ನೋಡು" ಎಂದಳು ಬ್ರೆಡ್ಡು ಕಟ್ಟುತ್ತಾ. "ಇಬ್ರೂ ಇಲ್ಲೇ ಕೂತು ಕಾಫಿ ಕುಡಿದ್ರು. ನಕ್ಕಿದ್ದೇ ನಕ್ಕಿದ್ದು. ಯಾಕೆ ಲೊರೆಟಾ, ಕಾಫಿ ಕುಡಿಯೋವಾಗ್ಲೂ ಬೆಕ್ಕು ಬರತ್ತಾ?"

ಲೊರೆಟಾ ತಾನೂ ನಕ್ಕಳು. ನಗುವುದರಲ್ಲೇ ಸುಸ್ತಾಗಿ ಬ್ರೆಡ್ಡನ್ನು ಅಲ್ಲೇ ಮರೆತು ಬಂದಳು.

ಮಾರನೆಯ ಬೆಳಗ್ಗೆ ಡ್ವೇನ್ ಹೊರಟ ಹತ್ತು ನಿಮಿಷಕ್ಕೆ ಅವಳೂ ಹೊರಟಳು. ಯಾರ ಕಣ್ಣಿಗೂ ಬೀಳದಂತೆ ಮೇಲಿನ ಗೇಟಿನ ಹತ್ತಿರ ಕಾರು ನಿಲ್ಲಿಸಿದಳು. ಬೆಕ್ಕನ್ನು ಬೆದರಿಸಲೆಂದು ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದ ಸೀಟಿ ಜಾಕೆಟ್ಟಿನ ಜಿಪ್ಪಿಗೆ ತಗುಲಿ ಸದ್ದು ಮಾಡುತ್ತದೆಂದು ಅದನ್ನೂ ಕಾರಿನಲ್ಲೇ ಬಿಟ್ಟಳು. ಒಬ್ಬಳೇ, ಸೀಟಿಯಿಲ್ಲದೆ, ತುಟಿಪಿಟಿಕ್ಕೆನ್ನದೆ ಕಾಡಿಗಿಳಿದಳು. ತಾನು ಕಲಿಸಿದ್ದಕ್ಕೆಲ್ಲ ತದ್ವಿರುದ್ಧ. ತೊರೆ ಹಾದಿಗೆ ಅಡ್ಡ ಬರುವ ಕಡೆ ಅವರು ನಿಂತು ನೀರು ಕುಡಿಯುತ್ತಾರೆಂದು ಅವಳಿಗೆ ಗೊತ್ತಿತ್ತು, ಡ್ವೇನನಿಗೆ ಆ ಅಭ್ಯಾಸ ಮಾಡಿಸಿದವಳೇ ಅವಳು. ಅದರ ಮೇಲಿನ ಪೊದೆಯ ಹಿಂದೆ ನೋಯುವ ಮಂಡಿ ಮಡಿಸಿ ಕೂತಳು.

ಈಗ ಅವರು ಬಂದು ನಿಂತರು. ಇಪ್ಪತ್ತು ಹೆಜ್ಜೆ ದೂರ ಇರಬಹುದು. ಕೊಂಬೆಗಳ ಸಂದಿಯಲ್ಲಿ ಕೋರಾಳ ಕೆಂಪು ಟೋಪಿ ಕಂಡಿತು.

"ಆಮೇಲೆ?" ಎಂದಳು ಕೋರಾ.

"ಆಮೇಲೇನು, ಅವಳನ್ನ ಒಳಗೆ ಕರ್ಕೊಂಡ್ ಹೋದ್ರು. ಬರೀ ಮಂಡಿ ಆಪರೇಷನ್ನು, ಭಯಪಡೋ ಅಂಥದ್ದಲ್ಲ ಅಂತ ನಂಗೂ ಗೊತ್ತು. ಆದ್ರೂ ಹೊರಗೆ ಬಂದು ಕಾರಲ್ಲಿ ಕೂತು ಅತ್ಬಿಟ್ಟೆ. ಸಣ್ಣ ಮಗು ಥರ. ಇವಳಿಲ್ದೆ ನಾನ್ ಏನ್ ಮಾಡ್ಲಿ ಅಂತ."

"ಅವರಿಗೆ ಹೇಳಿದ್ರಾ ಇದನ್ನ?"

"ಲೊರೆಟಾಗಾ? ಇಲ್ಲಪ್ಪ. ಅವಳ್ ಹತ್ರ ಅದೆಲ್ಲ ಹೇಳಕ್ಕಾಗಲ್ಲ."

ಲೊರೆಟಾ ಕಾಯುತ್ತಿದ್ದುದೇ ಬೇರೆ. ಒಂದು ಕಳ್ಳ ಮಾತು, ಕೈ ಹಿಡಿದದ್ದು, ಒಂದು ಮುತ್ತು. ಅಂಥದ್ದು ಸಿಕ್ಕಿದ್ದರೆ ಎದ್ದು ಹೋಗಿ ಜಗಳ ಆಡಬಹುದಿತ್ತು. ಇದಕ್ಕೆ ಏನೆಂದು ಜಗಳ ಆಡುವುದು? ತನಗೋಸ್ಕರ ಅತ್ತಿದ್ದಾನೆ, ಅದನ್ನು ಹೇಳಿಕೊಂಡದ್ದು ಮಾತ್ರ ಇವಳ ಹತ್ತಿರ. ತನ್ನ ಪಾಲಿನದು ಇನ್ನೊಬ್ಬಳ ಪಾಲಾಯಿತಲ್ಲ ಎಂದು ಅವಳಿಗೆ ಹಿಂದೆಂದೂ ಆಗದಷ್ಟು ಹೊಟ್ಟೆ ಉರಿಯಿತು.

ಆಗ ಬೆನ್ನ ಹಿಂದೆ ಒಂದು ಕಲ್ಲು ಜಾರಿತು.

ತಿರುಗಿ ನೋಡಿದಳು. ಹದಿನೈದು ಹೆಜ್ಜೆಯಾಚೆ, ಬಂಡೆಯ ಮೇಲೆ, ಹೊಟ್ಟೆಯನ್ನು ಕಲ್ಲಿಗೆ ಒತ್ತಿಕೊಂಡು ಬೆಕ್ಕು ಕೂತಿತ್ತು. ಒಣಹುಲ್ಲಿನದೇ ಬಣ್ಣ. ಬಾಲದ ತುದಿ ಮಾತ್ರ ಆಡುತ್ತಿತ್ತು. ಅದು ನೋಡುತ್ತಿದ್ದುದು ಅವಳನ್ನೇ.

ಮುಂದೇನು ಮಾಡಬೇಕೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇರಲಿಲ್ಲ. ಕುಕ್ಕುರುಗಾಲಲ್ಲಿ ಕೂತ ಮನುಷ್ಯ ಬೆಕ್ಕಿನ ಕಣ್ಣಿಗೆ ಜಿಂಕೆಯೇ. ಓಡಬಾರದು, ಬೆನ್ನು ಕೊಡಬಾರದು. ಎದ್ದು ನಿಂತು, ಜಾಕೆಟ್ಟನ್ನು ತಲೆಯ ಮೇಲೆ ಅಗಲಿಸಿ ಹಿಡಿದು, ದೊಡ್ಡದಾಗಿ ಕಾಣಬೇಕು. ಗಂಟಲು ಹರಿಯುವಂತೆ ಕೂಗಬೇಕು. ಆದರೆ ಎದ್ದರೆ ಅವರಿಬ್ಬರಿಗೂ ಕಾಣುತ್ತಾಳೆ. ಗಂಡನ ಮಾತು ಕದ್ದು ಕೇಳಲು ಪೊದೆಯಲ್ಲಿ ಅಡಗಿದ್ದವಳೆಂದು ನಾಳೆ ಬೇಕರಿಗೆಲ್ಲ ಸುದ್ದಿ. ಮೇವಿಸ್ ಹಾಳಾಗಿ ಹೋಗಲಿ. ಆ ಕೋರಾ ತನ್ನನ್ನು ಅಯ್ಯೋ ಪಾಪ ಎಂದು ನೋಡುತ್ತಾಳಲ್ಲ, ಅದನ್ನು ತಡೆಯುವುದು ಹೇಗೆ? ಅವರು ಮುಂದೆ ಹೋಗಲಿ, ಆಮೇಲೆ ಎದ್ದರಾಯಿತು ಎಂದುಕೊಂಡಳು. ಸಿಂಹದ ಎದುರು ಕೂತು ಹೀಗೆ ಯೋಚಿಸುತ್ತಾರೆಯೇ ಎಂದರೆ, ಅವಳು ಯೋಚಿಸಿದಳು.

ಬೆಕ್ಕು ಒಂದು ಮುಂಗಾಲನ್ನು ಮೆತ್ತಗೆ ಮುಂದಿಟ್ಟಿತು.

ಲೊರೆಟಾ ಎದ್ದಳು. ಮಂಡಿ ಕಟಕ್ಕೆಂದಿತು. ಜಾಕೆಟ್ಟು ಎತ್ತಿ ಹಿಡಿದು ಬಾಯಿ ತೆರೆದಳು. ಯಾವ ಮಾತಾದರೂ ಸರಿ, ಜೋರಾಗಿ ಕೂಗಿ ಎಂದು ಎಷ್ಟು ಜನಕ್ಕೆ ಕಲಿಸಿದ್ದಳೋ. ಈಗ ಅವಳ ಬಾಯಿಗೆ ಬಂದದ್ದು ಇದು.

"ಹೋಗೋ! ಹನ್ನೊಂದು ವರ್ಷ ನಿನ್ ಪಕ್ಕದಲ್ಲಿ ಓಡಿದೀನಿ ಕಣೋ ನಾನು. ಒಂದ್ ಮಾತಾಡ್ದೋನಲ್ಲ ನೀನು. ನಂಗೇನು ಕಿವಿ ಇಲ್ವಾ? ನಾನೇನು ಕಲ್ಲಾ? ಅಳೋದು ನಂಗೋಸ್ಕರ, ಹೇಳೋದು ಅವಳ್ ಹತ್ರಾನಾ? ಹೋಗೋ ಇಲ್ಲಿಂದ!"

ಹಿಂದೆ ತಿರುಗುವಂತಿರಲಿಲ್ಲ, ಬೆಕ್ಕಿನಿಂದ ಕಣ್ಣು ಕೀಳುವಂತಿರಲಿಲ್ಲ. ಜಲ್ಲಿ ಸರಿದ ಸದ್ದಾಯಿತು. ಎಡಕ್ಕೆ ಡ್ವೇನ್ ಬಂದು ಭುಜಕ್ಕೆ ಭುಜ ತಾಗಿಸಿ ಕೈಯೆತ್ತಿ ನಿಂತ, ಬಲಕ್ಕೆ ಕೋರಾ. ಅವಳು ಕಲಿಸಿದ ಹಾಗೆಯೇ. ಮೂವರೂ ಕೂಗಿದರು. ಕೋರಾ ಎಸೆದ ನೀರಿನ ಬಾಟಲಿ ಬಂಡೆಗೆ ಬಡಿದು ಉರುಳಿತು. ಬೆಕ್ಕು ಎದ್ದಿತು, ಅವಸರವೇ ಇಲ್ಲದಂತೆ ಬಂಡೆಯ ಆಚೆಗೆ ಇಳಿದು ಹೋಯಿತು.

"ಎಷ್ಟೊತ್ತಿಂದ ಇದೀಯ ಇಲ್ಲಿ?" ಡ್ವೇನ್ ಕೇಳಿದ.

"ಬೇಕಾದಷ್ಟು ಹೊತ್ತಿಂದ."

"ಲೊರೆಟಾ, ನೀವು ತಪ್ಪು ತಿಳ್ಕೋಬೇಡಿ. ನಾನೇನೂ..." ಎಂದಳು ಕೋರಾ.

"ನೀನೇನೂ ಮಾಡಿಲ್ಲ ಕಣಮ್ಮ. ಅದನ್ನೇ ನಂಗೆ ತಡ್ಕೊಳ್ಳಕ್ಕಾಗ್ತಿಲ್ಲ. ನಡಿ ಮುಂದೆ. ಯಾರೂ ಓಡ್ಬೇಡಿ. ಒಟ್ಟಿಗೆ ಇಳಿಯೋಣ, ಮಾತಾಡ್ತಾ."

ಅವಳ ಕಾರಿದ್ದ ಮೇಲಿನ ಗೇಟಿನ ದಾರಿ ಬೆಕ್ಕು ಹೋದ ಕಡೆಗೇ ಇತ್ತು. ಕೆಳಗಿನ ಗೇಟಿಗೆ ಎರಡು ಮೈಲಿ. ಮುಂದೆ ನಡೆದ ಕೋರಾ ಯಾವುದೋ ಹಾಡು ಶುರು ಮಾಡಿ ಅರ್ಧಕ್ಕೇ ಬಿಟ್ಟಳು. ಅವಳ ಕಿವಿಯೂ ಹಿಂದಕ್ಕೇ ಇತ್ತೇನೋ.

"ಮಾತಾಡು ಡ್ವೇನ್. ಅದು ಇನ್ನೂ ಇಲ್ಲೇ ಎಲ್ಲೋ ಇರತ್ತೆ."

"ಆವತ್ತು ಕಾರಲ್ಲಿ..."

"ಅದು ಬೇಡ. ಅದು ಅವಳಿಗೆ ಹೇಳಿದ್ದು. ನಂಗೆ ಬೇರೆ ಏನಾದ್ರೂ ಹೇಳು."

ಡ್ವೇನ್ ಬಾಯಿ ತೆರೆದ, ಮುಚ್ಚಿದ. ಇನ್ನೊಮ್ಮೆ ತೆರೆದ. ಅವನ ಕಿವಿಗಳು ಕೆಂಪಾದವು. ಅವಳು ಕಾದಳು. ಎಂಥ ಮಾತಾದರೂ ಆಗುತ್ತಿತ್ತು ಅವಳಿಗೆ.

"ಒಂದು" ಎಂದ ಕೊನೆಗೆ, ಕಣಿವೆಗೆಲ್ಲ ಕೇಳುವ ಹಾಗೆ. "ಎರಡು. ಮೂರು."

ಹೆಜ್ಜೆ ಎಣಿಸುತ್ತಿದ್ದ. ಹೊಡೆಯಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಡೆದಳು. ಅರವತ್ತರ ಹೊತ್ತಿಗೆ ಇಳಿಜಾರು ಕಡಿದಾಯಿತು, ಮಂಡಿ ಬಗ್ಗದೆ ಅವಳು ಹಿಂದೆ ಬಿದ್ದಳು. ಡ್ವೇನ್ ಅರವತ್ತೊಂದು ಎಂದು ನಿಂತ. ಅವಳ ಕಾಲು ತಡವರಿಸಿ, ನೆಲ ಮುಟ್ಟಿ, ಊರಿ ನಿಲ್ಲುವವರೆಗೂ ಕಾದು, ಅರವತ್ತೆರಡು ಎಂದ.